ಮಲ್ಲಿಯ ಎಡಗಾಲು

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ರಾಮಗಿರಿಯ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಹಾಗೇ ತಿರುಗಿ ದುರ್ಗದ ಬಸ್ಸು ಹತ್ತಿ ಮನೆಗೆ ಹೋಗಿಬಿಟ್ಟರೆ ಯಾರು ಏನು ಕೇಳುತ್ತಾರೆ ಅನ್ನಿಸಿತು ಮಹಮ್ಮದ್ ಗೌಸನಿಗೆ. ಮೈ ಸರಿಯಿಲ್ಲ ಎಂದು ಫೋನು ಮಾಡಿದರೆ ಆಯಿತು. ಅರವತ್ತೊಂದು ವರ್ಷದವನು ಅದಕ್ಕೊಂದು ಕಾರಣ ಹುಡುಕಬೇಕಾಗಿಲ್ಲ. ಹೆಗಲಿನ ಚೀಲದಲ್ಲಿ ಇಕ್ಕಳ, ಅರ, ಗೊರಸು ಕೊರೆಯುವ ಬಾಗುಚಾಕು ಇದ್ದವು. ಸುತ್ತಿಗೆಯೂ ಇತ್ತು, ಅದನ್ನು ಯಾಕೆ ತಂದೆನೋ ಅವನಿಗೇ ತಿಳಿಯಲಿಲ್ಲ. ಲಾಳ ಹೊಡೆಯುವ ಕೆಲಸ ಇವತ್ತು ಇರಲಿಲ್ಲ. ರಾಮಗಿರಿಯಲ್ಲಿ ಪ್ರಾಣಿಗಳ ಆಶ್ರಯ ನಡೆಸುವ ಶಾಲಿನಿ ಅಲ್ಲಿನ ಕುದುರೆ ಮಲ್ಲಿಯ ಬಗ್ಗೆ ನಿನ್ನೆ ಸಂಜೆ ಫೋನಿನಲ್ಲಿ ಹೇಳಿದ್ದೇ ಬೇರೆ. "ನಾಳೆ ಬರ್ರಿ ಗೌಸಣ್ಣ. ಡಾಕ್ಟ್ರು ಹನ್ನೊಂದು ಗಂಟೆಗೆ ಬರ್ತಾರೆ. ಮಲ್ಲೀನ ಇನ್ನೂ ನರಳಾಡ್ಸೋದು ಬ್ಯಾಡ, ಇಂಜೆಕ್ಷನ್ ಕೊಟ್ಟು ಕಳಿಸಿಕೊಡಾಣ ಅಂತ ಮಾತಾಗೇತೆ. ಮೂರು ತಿಂಗ್ಳು ಅವ್ಳ ಕಾಲು ಹಿಡಿದೋರು ನೀವು. ಒಂದ್ಸಲ ನೋಡ್ಕಂಡು ಹೋಗ್ರಿ." ಅಷ್ಟು ಹೇಳಿ ಅವಳು ಫೋನು ಇಟ್ಟುಬಿಟ್ಟಿದ್ದಳು.

ಬಸ್ಸು ಬಂತು. ಅವನು ಹತ್ತಿದ್ದು ಧೈರ್ಯದಿಂದಲ್ಲ, ಹಿಂದಿದ್ದವರು ನೂಕಿದ್ದರಿಂದ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೊಯ್ದ ರಾಗಿಯ ಕೂಳೆ, ಆಚೆ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು, ದಾರಿ ಬದಿಯ ಜಾಲಿಯ ಒಂದೊಂದು ಮುಳ್ಳೂ ಕಾಣುತ್ತಿತ್ತು. ಎರಡೂ ಕಣ್ಣಿನ ಪೊರೆ ತೆಗೆಸಿ ಐದು ತಿಂಗಳಾಗಿದ್ದರೂ ಹೀಗೆ ಎಲ್ಲವೂ ನಿಚ್ಚಳವಾಗಿ ಕಾಣುವುದು ಅವನಿಗಿನ್ನೂ ರೂಢಿಯಾಗಿರಲಿಲ್ಲ. ಆಪರೇಷನ್ ಆಗಿ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಹೆಂಡತಿ ಶರೀಫುನ್ನೀಸಾಳ ಮುಖ. ಇಷ್ಟೊಂದು ಸುಕ್ಕು ಯಾವಾಗ ಬಂತು ಎಂದು ಕೇಳಿ ಬೈಸಿಕೊಂಡಿದ್ದ. ಆಮೇಲೆ ಕಂಡದ್ದು ತನ್ನ ಕೈ. ಉಗುರಿನ ಸಂದಿಯ ಕಪ್ಪು, ಹೆಬ್ಬೆರಳಿನ ಹಳೆಯ ಗಾಯದ ಗುರುತು, ಎಲ್ಲವೂ. ಆ ಕೈಯನ್ನು ಬಹಳ ಹೊತ್ತು ನೋಡುತ್ತ ಕೂತಿದ್ದ. ಆಗಲೇ ಆ ಕೈ ಮಾಡಿದ ಒಂದು ಕೆಲಸ ಎಲ್ಲೋ ಒಂದು ಕುದುರೆಯ ಕಾಲಿನೊಳಗೆ ಇತ್ತು. ಅದು ಅವನಿಗೆ ಗೊತ್ತಿತ್ತು.

ಗೌಸನದು ನಾಲಬಂದರ ಮನೆ. ಎತ್ತಿಗೆ, ಕುದುರೆಗೆ ಲಾಳ ಹೊಡೆಯುವುದು ಅಜ್ಜನ ಅಜ್ಜನಿಂದ ಬಂದ ಕೆಲಸ. ದುರ್ಗದಲ್ಲಿ ಜಟಕಾಗಳು ಓಡುತ್ತಿದ್ದಾಗ ಅವರ ಅಂಗಡಿಯ ಮುಂದೆ ಬೆಳಿಗ್ಗೆಯೇ ಕುದುರೆಗಳು ಸಾಲು ನಿಲ್ಲುತ್ತಿದ್ದವು. ಜಟಕಾ ಹೋಗಿ ಆಟೋ ಬಂತು, ಎತ್ತು ಹೋಗಿ ಟ್ರಾಕ್ಟರು ಬಂತು, ತಮ್ಮಂದಿರು ವೆಲ್ಡಿಂಗು, ಪಂಕ್ಚರು ಅಂತ ಚದುರಿದರು. ಹಿರಿಯೂರಿನಿಂದ ಹೊಸದುರ್ಗದವರೆಗೆ ಕುದುರೆಯ ಗೊರಸು ಹಿಡಿಯಬಲ್ಲವನು ಎಂದು ಉಳಿದವನು ಇವನೊಬ್ಬನೇ. ಕುದುರೆಗಳಲ್ಲಿ ಉಳಿದವೂ ಮದುವೆಯ ಕುದುರೆಗಳು. ವರನನ್ನು ಹೊತ್ತು ಬ್ಯಾಂಡಿನ ಹಿಂದೆ ಹೆಜ್ಜೆ ಹಾಕುವಂಥವು. ಗೌಸ್ ಸಾಬರ ಕೈಯಲ್ಲಿ ಕುದುರೆ ಕೂಸಿನ ಹಾಗೆ ನಿಲ್ಲುತ್ತದೆ ಎಂದು ಜನ ಹೇಳುವುದು ಅವನ ಕಿವಿಗೂ ಬಿದ್ದಿತ್ತು. ಆ ಒಂದು ಮಾತಿನ ಮೇಲೆ ಎಷ್ಟು ವರ್ಷ ಬದುಕಿದ್ದನೆಂದರೆ, ಕಣ್ಣು ಮಬ್ಬಾಗತೊಡಗಿದಾಗ ಅದನ್ನು ಯಾರ ಹತ್ತಿರವೂ ಹೇಳಲು ಬಾಯಿ ಬರಲಿಲ್ಲ. ಕೈಗೆ ಗೊತ್ತಿದೆ, ಕಣ್ಣು ಯಾಕೆ ಎಂದುಕೊಳ್ಳುತ್ತಿದ್ದ.

ಹೋದ ವರ್ಷ ಮದುವೆಗಳ ದಿನಗಳ ಒಂದು ಮಧ್ಯಾಹ್ನ ಮುರುಗೇಶ್ ತನ್ನ ಬಿಳಿಯ ಹೆಣ್ಣುಕುದುರೆಯನ್ನು ಅಂಗಡಿಗೆ ಹಿಡಿದು ತಂದ. ಅವನದು ಮೆರವಣಿಗೆಗೆ ಕುದುರೆ, ಲೈಟು, ಛತ್ರಿ ಬಾಡಿಗೆಗೆ ಕೊಡುವ ವ್ಯಾಪಾರ. ಜೊತೆಗೆ ಬ್ಯಾಂಡಿನವರು ಇಬ್ಬರು, ಕೆಂಪು ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದರು. ಆಗಲೇ ಹೊತ್ತಾಗಿತ್ತು, ಛತ್ರದಿಂದ ಮೇಲಿಂದ ಮೇಲೆ ಫೋನು ಬರುತ್ತಿತ್ತು. ಗೌಸ್ ಎಡ ಮುಂಗಾಲನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಮೊಳೆಗಾಗಿ ಡಬ್ಬಿಯಲ್ಲಿ ಕೈಯಾಡಿಸುತ್ತಿದ್ದಾಗ ಮುರುಗೇಶ್ ನಕ್ಕು, "ಏನ್ ಗೌಸಣ್ಣ, ಕಣ್ಣು ಕಾಣ್ತವೋ ಇಲ್ವೋ? ಲಾಳ ಅಂತ ನನ್ ಕಾಲಿಗೆ ಹೊಡೆದೀರಿ ಮತ್ತೆ!" ಅಂದ. ಬ್ಯಾಂಡಿನವರೂ ನಕ್ಕರು. ತಮಾಷೆಯ ಮಾತು, ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಗೌಸನ ಕಿವಿ ಬಿಸಿಯಾಯಿತು. ಲಾಳದ ಮೊಳೆಗೆ ಒಂದು ಮಗ್ಗುಲು ಇರುತ್ತದೆ. ಅದರ ತುದಿಯ ಓರೆ ಒಳಗಡೆಗೆ ಇದ್ದರೆ ಮೊಳೆ ಗೊರಸಿನ ಗೋಡೆಯಲ್ಲಿ ಹತ್ತಿ ಹೊರಗೆ ಬರುತ್ತದೆ. ತಿರುವುಮುರುವಾದರೆ ಒಳಕ್ಕೆ, ಜೀವ ಇರುವ ಕಡೆಗೆ ಬಾಗುತ್ತದೆ. ಅಪ್ಪ ಇದನ್ನು ಅವನ ಏಳನೆಯ ವಯಸ್ಸಿನಲ್ಲೇ ಕಲಿಸಿದ್ದ. ಆ ದಿನ ಅವನು ಮೊಳೆಯನ್ನು ಬೆಳಕಿಗೆ ಹಿಡಿದು ನೋಡಲಿಲ್ಲ. ನೋಡಿದರೆ ನೋಡಿದ್ದು ಅವರಿಗೆ ಕಾಣುತ್ತಿತ್ತು.

ಮೂರನೆಯ ಪೆಟ್ಟಿಗೆ ಕುದುರೆ ಮೈಯೆಲ್ಲ ಅದುರಿಸಿ ಕಾಲು ಕಿತ್ತುಕೊಂಡಿತು. ಗೌಸನಿಗೆ ತಕ್ಷಣ ಗೊತ್ತಾಯಿತು. ಇಕ್ಕಳ ಹಾಕಿ ಮೊಳೆ ಎಳೆದ. ತಲೆ ಬಂತು, ಅರ್ಧ ಬಂತು, ತುದಿ ಬರಲಿಲ್ಲ. ಒಳಗೇ ಮುರಿದಿತ್ತು. ಬೆರಳಿನಲ್ಲಿ ಆ ತುಂಡನ್ನು ಹಿಡಿದು ಅವನು ಒಂದು ಕ್ಷಣ ಕೂತ. ಲಾಳ ಬಿಚ್ಚಿ, ಕೊರೆದು, ತುದಿ ತೆಗೆದು, ಹದಿನೈದು ದಿನ ಕುದುರೆಯನ್ನು ನಿಲ್ಲಿಸಬೇಕು. ಮಾಡಬೇಕಾದದ್ದು ಅದೊಂದೇ. "ಏನಾತು?" ಎಂದ ಮುರುಗೇಶ್. "ಏನಿಲ್ಲ. ಮೊಳೆ ಸೊಟ್ಟ ಇತ್ತು" ಎಂದ ಗೌಸ್. ತುಂಡನ್ನು ಬೂದಿಯೊಳಗೆ ಎಸೆದು, ಪಕ್ಕದ ತೂತಿಗೆ ಬೇರೆ ಮೊಳೆ ಹೊಡೆದು, ಅರ ಆಡಿಸಿ, ಒಣಬಟ್ಟೆಯಿಂದ ಗೊರಸನ್ನು ಹೊಳೆಯುವ ಹಾಗೆ ಒರೆಸಿಕೊಟ್ಟ. ಕುದುರೆ ಬ್ಯಾಂಡಿನವರ ಹಿಂದೆ ಹೋಯಿತು. ರಸ್ತೆಯ ತಿರುವಿನವರೆಗೆ ಅದು ಕಾಲು ಊರುವ ಸದ್ದನ್ನು ಅವನು ಕೇಳುತ್ತ ಕೂತಿದ್ದ. ಮೂರು ಗಟ್ಟಿ ಸದ್ದು, ಒಂದು ಮೆಲ್ಲಗಿನದು.

ಆಮೇಲೆ ಮುರುಗೇಶನ ಫೋನು ಎರಡು ಸಲ ಬಂತು. ಹೆಸರು ಓದಲು ಆಗದಿದ್ದರೂ ಇದು ಅವನದೇ ಎಂದು ಗೌಸನಿಗೆ ಖಾತ್ರಿಯಿತ್ತು, ಎತ್ತಲಿಲ್ಲ. ಕುದುರೆ ಕುಂಟುತ್ತದಂತೆ, ಹೆಗಲು ಉಳುಕಿದೆ ಅಂತ ಮೆಡಿಕಲ್ ಅಂಗಡಿಯವನು ಪುಡಿ ಕೊಟ್ಟನಂತೆ, ಒಂದು ವಾರ ಸರಿಯಿದ್ದು ಮತ್ತೆ ಕುಂಟಿತಂತೆ ಎಂಬುದು ಚಹದಂಗಡಿಯಲ್ಲಿ ಕಿವಿಗೆ ಬಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಮುರುಗೇಶನ ಹತ್ತಿರ ಈಗ ಕುದುರೆ ಇಲ್ಲ ಎಂದು ಯಾರೋ ಅಂದರು. ಇಲ್ಲ ಎಂದರೆ ಏನು ಎಂದು ಗೌಸ್ ಕೇಳಲಿಲ್ಲ. ಆ ತಿಂಗಳೇ ಹೋಗಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡ. ಎರಡು ವರ್ಷದಿಂದ ಹೇಳಿ ಹೇಳಿ ಸಾಕಾಗಿದ್ದ ಶರೀಫುನ್ನೀಸಾ, ಈಗ ಒಮ್ಮೆಲೇ ಯಾಕೆ ಒಪ್ಪಿದರು ಎಂದು ಆಶ್ಚರ್ಯಪಟ್ಟಳು.

ರಾಮಗಿರಿಯ ಶಾಲಿನಿ ಅವನಿಗೆ ಮೊದಲು ಫೋನು ಮಾಡಿದ್ದು ಆಪರೇಷನ್ ಆಗಿ ಎರಡು ತಿಂಗಳಿಗೆ. ಗುಡ್ಡದ ಬುಡದಲ್ಲಿ ಅಪ್ಪನಿಂದ ಬಂದ ನಾಲ್ಕು ಎಕರೆಗೆ ಬೇಲಿ ಹಾಕಿ ಅವಳು ಯಾರಿಗೂ ಬೇಡವಾದ ಪ್ರಾಣಿಗಳನ್ನು ಸಾಕುತ್ತಿದ್ದಳು: ಇಟ್ಟಿಗೆ ಭಟ್ಟಿಯಿಂದ ಬಿಡಿಸಿ ತಂದ ಕತ್ತೆಗಳು, ಎರಡು ಕುರುಡು ಎತ್ತು, ಕುದುರೆಗಳು. ಮೊದಲು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು, ಈಗ ಪೂರ್ತಿ ಇದಕ್ಕೇ ಕೂತಿದ್ದಳು. ಐಮಂಗಲದ ಹತ್ತಿರ ಹೈವೇ ಪಕ್ಕ, ಮುಚ್ಚಿದ ಢಾಬಾ ಒಂದರ ಹಿಂದೆ ಬಿದ್ದಿದ್ದ ಕುದುರೆಯನ್ನು ತಂದಿದ್ದೇವೆ, ಗೊರಸು ಬೆಳೆದು ಚಪ್ಪಲಿಯ ಹಾಗೆ ಮೇಲಕ್ಕೆ ತಿರುಗಿದೆ, ಬಂದು ನೋಡಿ ಎಂದಳು. ಗೌಸ್ ಹೋದ. ಕೊಟ್ಟಿಗೆಯಲ್ಲಿ ಎಲುಬಿನ ಮೇಲೆ ಕೊಳಕು ಬಟ್ಟೆ ಹೊದಿಸಿದಂತೆ ಒಂದು ಪ್ರಾಣಿ ನಿಂತಿತ್ತು. ಸೊಂಟದ ಮೂಳೆಯ ಮೇಲೆ ಹುಣ್ಣು. ಬಿಳಿಯೋ ಬೂದಿಯೋ ಹೇಳುವ ಹಾಗಿರಲಿಲ್ಲ. ರಾಮಗಿರಿಯ ಕಾಳಕ್ಕ ಎಂಬ ಮುದುಕಿ ಅದರ ತಲೆ ಹಿಡಿದು, ಬೇಯಿಸಿದ ಹುರುಳಿಯನ್ನು ಅಂಗೈಯಲ್ಲಿ ಒಂದೊಂದೇ ಹಿಡಿ ತಿನ್ನಿಸುತ್ತಿದ್ದಳು. ಆಗಲೇ ಅವಳು ಅದಕ್ಕೆ ಮಲ್ಲಿ ಎಂದು ಹೆಸರಿಟ್ಟಾಗಿತ್ತು.

ಮೂರು ಕಾಲಿನ ಲಾಳ ಎಲ್ಲೋ ಬಿದ್ದುಹೋಗಿದ್ದವು. ಎಡ ಮುಂಗಾಲಿನದು ಮಾತ್ರ ಗೊರಸಿನೊಳಗೆ ಹೂತು ಕೂತಿತ್ತು. ಮಣ್ಣು ಕೆರೆದಾಗ ಒಳಬದಿಯ ಕೊನೆಯ ತೂತು ಖಾಲಿ ಕಂಡಿತು. ಆ ತೂತನ್ನು ಖಾಲಿ ಬಿಡುವುದು ಅವರ ಮನೆಯ ಪದ್ಧತಿ. ಅದರ ಪಕ್ಕದ್ದೂ ಖಾಲಿ, ಅಂದು ಮೊಳೆ ಮುರಿದ ತೂತು. ಗೌಸ್ ತಲೆ ಎತ್ತಿ ಕುದುರೆಯ ಮುಖ ನೋಡಿದ. ಅದು ಇವನನ್ನು ನೋಡುತ್ತಿರಲಿಲ್ಲ, ಹುರುಳಿಯನ್ನು ನೋಡುತ್ತಿತ್ತು. ಲಾಳ ಕಿತ್ತು, ಕಪ್ಪಾಗಿದ್ದ ಜಾಗವನ್ನು ಚಾಕುವಿನಿಂದ ಬಿಡಿಸಿದಾಗ ಕೀವು ಚಿಮ್ಮಿ ಮುಂಗೈ ಮೇಲೆ ಬಿತ್ತು. ಶಾಲಿನಿ ಮೂಗು ಮುಚ್ಚಿಕೊಂಡು, "ಯಾವ ಕೈಲಾಗದೋನು ಹೊಡ್ದಾನೋ ಈ ಲಾಳಾನ! ಇಂಥೋರಿಗೆ ಏನ್ ಮಾಡ್ಬೇಕು ಹೇಳ್ರಿ" ಅಂದಳು. ಗೌಸ್ ಬಗ್ಗಿಯೇ ಇದ್ದ. "ಹೂಂ. ಯಾವನೋ ಕಲೀದೋನು" ಅಂದ. ಅಷ್ಟು ಸಲೀಸಾಗಿ ಬಂದಿತ್ತು ಮಾತು. ಮೊದಲಿನ ತಪ್ಪಾದರೂ ಕಣ್ಣು ಮಬ್ಬಾಗಿದ್ದಾಗ ಆದದ್ದು. ಇದನ್ನು ಅವನು ಎರಡೂ ಕಣ್ಣು ಚೆನ್ನಾಗಿ ಕಾಣುತ್ತಿರುವಾಗ ಮಾಡಿದ್ದ.

ಕೀವು ತೊಳೆಯುವಾಗ ಅದರಲ್ಲಿ ಕಬ್ಬಿಣದ ಚೂರಿಗಾಗಿ ಬೆರಳಾಡಿಸಿ ಹುಡುಕಿದ. ಸಿಗಲಿಲ್ಲ. ಮೊದಲೇ ಎಲ್ಲೋ ಬಿದ್ದಿರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಬೇಕಾಗಿತ್ತು. ವಾರಕ್ಕೆರಡು ಸಲ ಬಂದು ಉಪ್ಪಿನ ಬಿಸಿನೀರಿನಲ್ಲಿ ಕಾಲು ಅದ್ದಿಸಿ, ಔಷಧಿ ತುಂಬಿ, ಪಟ್ಟಿ ಕಟ್ಟಿ ಹೋಗುತ್ತಿದ್ದ. ಕೂಲಿ ಬೇಡ ಎಂದ. ಉಳಿದ ಮೂರು ಗೊರಸುಗಳನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ ಆಕಾರಕ್ಕೆ ತಂದ. ಮಲ್ಲಿಯ ಮೈ ತುಂಬಿಕೊಂಡಿತು, ಹುಣ್ಣು ಮಾಯಿತು, ಕಾಳಕ್ಕನ ತಿಕ್ಕಾಟಕ್ಕೆ ಬಿಳಿಯ ಬಣ್ಣ ಹೊರಗೆ ಬಂತು. ಎಡಗಾಲು ಮಾತ್ರ ಹತ್ತು ದಿನ ಒಣಗುವುದು, ಹನ್ನೊಂದನೆಯ ದಿನ ಮತ್ತೆ ಬಾಯಿ ಬಿಡುವುದು. ಪ್ರತಿ ಸಲ ಕೆಲಸ ಮುಗಿದ ಮೇಲೆ ಶಾಲಿನಿ ಚಹ ಕೊಟ್ಟು, "ನೀವು ಸಿಕ್ಕಿದ್ದು ನಮ್ಮ ಪುಣ್ಯ ಗೌಸಣ್ಣ" ಅನ್ನುವಳು. ಅವನು ಲೋಟದ ಕಡೆಗೇ ನೋಡುತ್ತ ಕುಡಿದು ಮುಗಿಸುತ್ತಿದ್ದ. ಒಂದು ಸಲ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದ; ಅಷ್ಟರಲ್ಲಿ ಅವಳು ಬಂದ ನೆಂಟರಿಗೆ, "ಇವರೇ ನೋಡ್ರಿ, ನಾ ಹೇಳ್ತಿದ್ನಲ್ಲ" ಎಂದು ಅವನನ್ನು ತೋರಿಸಿದಳು. ಅವನು ನಕ್ಕು ಕೈ ಮುಗಿದ. ಇವತ್ತು ಬೆಳಿಗ್ಗೆ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದಾಗ ಶರೀಫುನ್ನೀಸಾ, "ಬೇರೆಯವರ ಕುದುರೆಗಾಗಿ ನೀವು ಊಟ ಬಿಟ್ಟರೆ ನಾನು ಏನಂತ ತಿಳಿಯಲಿ?" ಎಂದು ಕೇಳಿದ್ದಳು. ಅವನು ಚಪ್ಪಲಿ ಮೆಟ್ಟಿ ಬಂದಿದ್ದ.

ಬಸ್ಸು ಇಳಿದು ಬೇಲಿಯ ಗೇಟು ದಾಟಿದಾಗ ಡಾಕ್ಟರ ಜೀಪು ಬೇವಿನ ಮರದ ಕೆಳಗೆ ಆಗಲೇ ನಿಂತಿತ್ತು. ಡಾಕ್ಟರ್ ನಾಗರಾಜ್ ಹೊಳಲ್ಕೆರೆ ಕಡೆಯವರು, ಸರ್ಕಾರಿ ಪಶುವೈದ್ಯರಾಗಿದ್ದು ನಿವೃತ್ತರಾದವರು, ಹೆಚ್ಚು ಮಾತಾಡುವವರಲ್ಲ. ಕಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ ಎರಡು ದೊಡ್ಡ ಸಿರಿಂಜುಗಳನ್ನು ಇಟ್ಟಿದ್ದರು. ಶಾಲಿನಿ ಮುಖ ತೊಳೆದುಕೊಂಡು ಬಂದಿದ್ದಳು, ಆದರೂ ಅತ್ತದ್ದು ಗೊತ್ತಾಗುತ್ತಿತ್ತು. ಕಾಳಕ್ಕ ಮಲ್ಲಿಯ ಹಣೆಗೆ ಕುಂಕುಮ ಇಟ್ಟು, ಬೆಲ್ಲ ತಿನ್ನಿಸುತ್ತ, ಯಾರ ಕಡೆಗೂ ನೋಡದೆ ನಿಂತಿದ್ದಳು. ಕುದುರೆ ಬೆಲ್ಲ ತಿಂದು ಅವಳ ಸೆರಗಿನಲ್ಲಿ ಇನ್ನೂ ಇದೆಯೇನೋ ಎಂದು ಮೂಸುತ್ತಿತ್ತು. ಬದುಕುವ ಆಸೆ ಅದಕ್ಕೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಎಡಗಾಲನ್ನು ಮಾತ್ರ ನೆಲಕ್ಕೆ ತಾಗಿಸದೆ ಹಿಡಿದುಕೊಂಡಿತ್ತು. "ಇಷ್ಟು ದಿನ ಕೀವು ನಿಂತಿಲ್ಲ ಅಂದ್ರೆ ಮೂಳೆಗೇ ಹೋಗೇತೆ" ಎಂದರು ನಾಗರಾಜ್, ಗೌಸನಿಗೆ ಸಮಾಧಾನ ಹೇಳುವವರಂತೆ. "ಎಕ್ಸ್‌ರೇಗೆ ಅಂತ ಶಿವಮೊಗ್ಗಕ್ಕೋ ಬೆಂಗಳೂರಿಗೋ ಲಾರಿಲಿ ಮೂರೇ ಕಾಲಲ್ಲಿ ನಿಂತ್ಕಂಡು ಹೋಗೋ ಶಕ್ತಿ ಇಲ್ಲ ಇದಕ್ಕೆ. ನೀವು ಮಾಡಾದು ಮಾಡಿದ್ರಿ."

ನೀವು ಮಾಡೋದು ಮಾಡಿದಿರಿ. ಗೌಸ್ ಆ ಮಾತನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಕೇಳಿಕೊಂಡ. ಸುಮ್ಮನಿದ್ದರೆ ಇನ್ನು ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಗೊರಸು ಮಣ್ಣಿಗೆ ಹೋಗುತ್ತದೆ, ಅದರೊಳಗಿನದೂ. ಎಲ್ಲರೂ ಅಳುತ್ತಾರೆ, ಅವನೂ ಅಳುತ್ತಾನೆ, ಯಾರೋ ಅವನ ಬೆನ್ನು ಸವರುತ್ತಾರೆ. ಆ ಬೆನ್ನು ಸವರುವ ಕೈಯನ್ನು ನೆನೆದದ್ದೇ ಅವನು ಕುದುರೆಯ ಕಡೆಗೆ ಒಂದು ಹೆಜ್ಜೆ ಇಟ್ಟ. ನಾಗರಾಜ್ ಬಾಟಲಿಯ ಮುಚ್ಚಳ ಒರೆಸತೊಡಗಿದರು.

"ಮೂಳೆ ಅಲ್ಲ ಡಾಕ್ಟ್ರೇ" ಎಂದ ಗೌಸ್. "ಒಳಗೆ ಮೊಳೆ ಐತೆ. ಮೊಳೆ ತುದಿ."

"ಅದ್ಹೆಂಗೆ ಹೇಳ್ತೀರಿ?"

"ಹೊಡೆದೋನು ನಾನೇ."

ಅವನು ಒಂದೇ ಉಸಿರಿನಲ್ಲಿ ಉಳಿದದ್ದನ್ನು ಹೇಳಿದ: ಮುರುಗೇಶ, ಬ್ಯಾಂಡಿನವರು, ಕಣ್ಣು, ತಿರುವುಮುರುವಾದ ಮೊಳೆ, ಇಕ್ಕಳಕ್ಕೆ ಬಂದ ಅರ್ಧ ತುಂಡು. ಹೇಳುವಾಗ ಕುದುರೆಯ ಮಂಡಿಯನ್ನು ನೋಡುತ್ತ ಹೇಳಿದ. ಶಾಲಿನಿ ಕೂಗಾಡಲಿಲ್ಲ, ಅವಳ ದನಿ ತೀರ ಮೆಲ್ಲಗೆ ಬಂತು. "ಮೂರು ತಿಂಗ್ಳು. ಮೂರು ತಿಂಗ್ಳು ನನ್ನೆದ್ರಿಗೆ ಕುಂತು ಚಾ ಕುಡಿದ್ರಲ್ಲ ಗೌಸಣ್ಣ."

"ಹೌದಮ್ಮ."

"ಅವತ್ತೇ ಹೇಳಿದ್ರೆ ಅವತ್ತೇ ತೆಗೀಬೌದಿತ್ತಲ್ರೀ. ಇಷ್ಟು ದಿನ ಅದ್ರ ನೋವು..." ಅವಳು ಕುದುರೆಯ ಕಡೆಗೆ ತಿರುಗಿದಳು. ಗೌಸ್ ಇನ್ನೊಮ್ಮೆ ಹೌದಮ್ಮ ಎಂದ. ಕಣ್ಣು ಕಾಣುತ್ತಿರಲಿಲ್ಲ ಎಂದು ಇನ್ನೊಮ್ಮೆ ಹೇಳಬಹುದಾಗಿತ್ತು. ಆದರೆ ಅದು ಮೊದಲ ತಪ್ಪಿಗೆ ಮಾತ್ರ ಸಲ್ಲುವ ಮಾತು.

ನಾಗರಾಜ್ ಸಿರಿಂಜನ್ನು ಬಟ್ಟೆಯ ಮೇಲೆ ವಾಪಸು ಇಟ್ಟು, ಪ್ಯಾಂಟು ಮಡಿಚಿ ಕುದುರೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು. "ಜಗಳ ಆಮೇಲೆ ಆಡಿ. ಎಲ್ಲಿ? ಯಾವ ತೂತು? ಯಾವ ಕಡೆ ಬಾಗಿತ್ತು?" ಗೌಸ್ ಬೆರಳಿಟ್ಟು ತೋರಿಸಿದ. ಒಳಬದಿಯಲ್ಲಿ ಕೊನೆಯಿಂದ ಎರಡನೆಯ ತೂತು, ಹಿಮ್ಮಡಿಯ ಕಡೆಗೆ ಬಾಗಿ, ಮೇಲೆ. ತಾವು ಇಷ್ಟು ದಿನ ಕೀವು ಬರುವ ಕಡೆಯಿಂದ, ಎಂದರೆ ಎದುರು ಮಗ್ಗುಲಿನಿಂದ ಔಷಧಿ ತುಂಬುತ್ತಿದ್ದೆವು ಎಂದು ನಾಗರಾಜ್ ತಮಗೇ ಹೇಳಿಕೊಂಡರು. ಕಾಲಿನ ಕೀಲಿನ ಮೇಲೆ ಅರಿವಳಿಕೆಯ ಇಂಜೆಕ್ಷನ್ ಕೊಟ್ಟು, ಹತ್ತು ನಿಮಿಷ ಕಾದು, ಚಾಕುವನ್ನು ಕೈಗೆತ್ತಿಕೊಂಡು, ಆಮೇಲೆ ಅದನ್ನು ಗೌಸನ ಕಡೆಗೆ ಚಾಚಿದರು. "ಗೊರಸು ನಿಮ್ಮಷ್ಟು ನನಗೆ ಗೊತ್ತಿಲ್ಲ. ನೀವೇ ಕೊರೀರಿ. ಎಲ್ಲಿ ನಿಲ್ಲಿಸ್ಬೇಕು ಅಂತ ನಾ ಹೇಳ್ತೀನಿ."

ಗೌಸ್ ಶಾಲಿನಿಯ ಕಡೆ ನೋಡಿದ. ಅವಳು ಬೇಡ ಅನ್ನಬಹುದೆಂದು ಕಾದ. ಅವಳು ಕಾಲನ್ನು ಎತ್ತಿ ಹಿಡಿಯಲು ಬಗ್ಗಿದಳು, ಅವನ ಮುಖ ನೋಡದೆ. ಅವನು ಕೊರೆದ. ಹಾಳೆಯಷ್ಟು ತೆಳ್ಳಗೆ ಒಂದೊಂದೇ ಪದರ. ಬಿಳಿ, ಹಳದಿ, ಆಮೇಲೆ ಬೂದಿ ಬಣ್ಣದ ಒಂದು ಗೆರೆ; ಆ ಗೆರೆಯನ್ನು ಅವನು ಈಗ ಕಾಣಬಲ್ಲವನಾಗಿದ್ದ. ಮಬ್ಬು ಕಣ್ಣಿಗೆ ಅದು ಎಂದೂ ಕಾಣುತ್ತಿರಲಿಲ್ಲ. ಗೆರೆಯ ಬೆನ್ನು ಹತ್ತಿ ಹೋದಂತೆ ಚಾಕುವಿನ ತುದಿಗೆ ಕಬ್ಬಿಣ ತಾಗಿ ಸಣ್ಣಗೆ ಕಿರ್ರೆಂದಿತು. ಆ ಸದ್ದಿಗೆ ನಾಲ್ವರೂ ಉಸಿರು ಹಿಡಿದರು. ಚಿಮಟದಲ್ಲಿ ಹಿಡಿದು ಎಳೆದಾಗ ಬಂದದ್ದು ಅಕ್ಕಿಕಾಳಿಗಿಂತ ಒಂದಿಷ್ಟು ಉದ್ದದ, ಕರಿ ಹಿಡಿದ ಚೂರು. ಅದರ ಹಿಂದೆಯೇ ಕೀವು, ಆಮೇಲೆ ಕೆಂಪು ರಕ್ತ. ರಕ್ತ ಒಳ್ಳೆಯದು ಎಂದರು ನಾಗರಾಜ್. ಕಾಳಕ್ಕ ಆ ಚೂರನ್ನು ಅಂಗೈ ಮೇಲೆ ಹಾಕಿಸಿಕೊಂಡು ನೋಡಿ, "ಇಷ್ಟೇನಾ?" ಎಂದಳು. "ಇಷ್ಟಕ್ಕೇನಾ ನಿನ್ನ ಕೊಲ್ಲಕ್ಕೆ ಹೊಂಟಿದ್ರು ನನ್ನವ್ವ?" ಎಂದು ಕುದುರೆಯ ಕುತ್ತಿಗೆಗೆ ಮುಖ ಒತ್ತಿ ಅಳತೊಡಗಿದಳು. ಬೆಳಿಗ್ಗೆಯಿಂದ ಅವಳು ಅತ್ತಿರಲಿಲ್ಲ.

ಪಟ್ಟಿ ಕಟ್ಟಿ ಮುಗಿದ ಮೇಲೆ ಗೌಸ್ ತೊಟ್ಟಿಯ ಹತ್ತಿರ ಕೈ ತೊಳೆದುಕೊಂಡ. ಆ ದಿನ ಚಹ ಬರಲಿಲ್ಲ. ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಅವನಿಗೆ ಗೊತ್ತಿರಲಿಲ್ಲ. ಬಾರದಿದ್ದದ್ದೇ ಸರಿ ಅನ್ನಿಸಿತು. ಶಾಲಿನಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಿದ್ದಳು. ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನವರೆಗೆ ಬಂದವನ ಹಿಂದೆ ಕಾಳಕ್ಕ ಏದುಸಿರು ಬಿಡುತ್ತ ಬಂದಳು. "ಪಟ್ಟಿ ನಾಡಿದ್ದು ಬಿಚ್ಬೇಕಂತೆ. ಬರ್ತೀಯಲ್ಲ?"

"ಅಮ್ಮ ಕರೀಬೇಕಲ್ಲ ಕಾಳಕ್ಕ."

"ಅವ್ಳ ಸಿಟ್ಟು ಅವ್ಳಿಗಿರ್ಲಿ. ನಂಗೂ ಸಿಟ್ಟೈತೆ. ನಿನ್ನ ಹಿಡ್ಕಂಡು ಬಡೀಬೇಕು ಅಂತ ಐತೆ" ಎಂದಳು ಮುದುಕಿ, ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಪಟ್ಟಿ ಬಿಚ್ಚೋಕೆ ಬಾರಪ್ಪ."

ಮನೆಯಲ್ಲಿ ಶರೀಫುನ್ನೀಸಾ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಇನ್ನೂ ಬಿಸಿಲಿತ್ತು. ಅವನು ಕಾಲು ತೊಳೆಯದೆ ಹೊಸ್ತಿಲಲ್ಲೇ ಕುಳಿತು ಎಲ್ಲವನ್ನೂ ಹೇಳಿದ. ಅವಳು ಮೆಷಿನ್ನು ನಿಲ್ಲಿಸಿ ಕೇಳಿದಳು. ಬೈಯುತ್ತಾಳೆಂದು ಕಾದ. ನಲವತ್ತು ವರ್ಷ ನಾಲಬಂದನ ಜೊತೆ ಬಾಳಿದವಳು, ಕೊನೆಗೆ ಕೇಳಿದ್ದು ಒಂದೇ ಮಾತು: "ತುದಿ ಪೂರ್ತಿ ಬಂತಾ?" ಪೂರ್ತಿ ಬಂತು ಎಂದ. "ಅಲ್ಲಾಹ್ ದೊಡ್ಡವನು" ಎಂದು ಅವಳು ಎದ್ದು, ಬೆಳಿಗ್ಗೆ ಬಿಟ್ಟಿದ್ದ ರೊಟ್ಟಿಯನ್ನು ಬಿಸಿ ಮಾಡಿ ತಂದಿಟ್ಟಳು. ಅವನು ತಿಂದ. ಹಸಿವೆ ಇಷ್ಟಿತ್ತೆಂದು ತಿಂದ ಮೇಲೆಯೇ ಗೊತ್ತಾಯಿತು.

ಮಾರನೆಯ ದಿನ ಮುರುಗೇಶನ ಅಂಗಡಿಗೆ ಹೋದ. ಶಾಮಿಯಾನದ ಬಟ್ಟೆ ಮಡಿಚುತ್ತಿದ್ದ ಮುರುಗೇಶ್ ಮೊದಲು ನಂಬಲಿಲ್ಲ, ಆಮೇಲೆ ಬಟ್ಟೆಯ ರಾಶಿಯ ಮೇಲೆ ಕುಳಿತುಬಿಟ್ಟ. "ಎರಡು ಸಲ ಫೋನ್ ಮಾಡಿದ್ದೆ ನಿಮಗೆ" ಅಂದ. "ಗೊತ್ತು" ಎಂದ ಗೌಸ್. ಮುರುಗೇಶ್ ನೆಲ ನೋಡುತ್ತ ಹೇಳಿದ: "ನಾನೇನ್ ಕಮ್ಮಿ ಪಾಪ ಮಾಡಿಲ್ಲ ಗೌಸಣ್ಣ. ಐಮಂಗಲದ ಹತ್ರ ಹುಲ್ಲೈತೆ, ಬದುಕ್ಕಂತದೆ ಅಂತ ನನಗೆ ನಾನೇ ಹೇಳ್ಕಂಡು ಇಳಿಸಿ ಬಂದೆ. ಟೆಂಪೋ ತಿರುಗಿಸುವಾಗ ಕುಂಟ್ಕಂತಾ ಹಿಂದೆ ಬಂತು." ಮುರುಗೇಶ್ ರಾಮಗಿರಿಗೆ ಬರಲು ಒಪ್ಪಲಿಲ್ಲ. ಆದರೆ ಮುಂದಿನ ವಾರದಿಂದ ತಿಂಗಳಿಗೊಮ್ಮೆ ಒಂದು ಮೂಟೆ ಹುರುಳಿ ಯಾರು ಕಳಿಸಿದ್ದೆಂದು ಹೇಳದೆ ಆಶ್ರಯದ ಗೇಟಿನಲ್ಲಿ ಇಳಿಯತೊಡಗಿತು. ಗೌಸನೂ ಹೇಳಲಿಲ್ಲ. ಆ ಒಂದು ಗುಟ್ಟು ಅವನಿಗೆ ಭಾರವಾಗಲಿಲ್ಲ.

ಮುರುಗೇಶನ ಅಂಗಡಿಗೆ ಹೋಗಿಬಂದ ದಿನವೇ ಸಂಜೆ ಶಾಲಿನಿಯ ಫೋನು ಬಂದಿತ್ತು. "ನನಗೆ ಇನ್ನೂ ಸಿಟ್ಟು ಹೋಗಿಲ್ಲ ಗೌಸಣ್ಣ. ಅದನ್ನ ನ್ಯಾರ ಹೇಳ್ತೀನಿ. ಆದ್ರೆ ನಾಳೆ ಬರ್ರಿ." ಅವನು ಫೋನು ಕಿವಿಯಲ್ಲಿ ಇಟ್ಟುಕೊಂಡು ಎದ್ದು ನಿಂತಿದ್ದ, ಅವಳು ಎದುರಿಗೆ ಇದ್ದಾಳೆಂಬಂತೆ. ಮೂರು ತಿಂಗಳು ಅವಳ ಹೊಗಳಿಕೆ ಅವನನ್ನು ಸುಟ್ಟಿತ್ತು. ಈ ಸಿಟ್ಟು, ಬೇಸಿಗೆಯಲ್ಲಿ ತಣ್ಣೀರು ಕುಡಿದ ಹಾಗೆ ಒಳಗೆ ಇಳಿಯಿತು. ಸಿಟ್ಟಾದರೂ ಅವನ ಮೇಲೆಯೇ ಇತ್ತು, ಅವನಲ್ಲದ ಇನ್ಯಾವನ ಮೇಲೋ ಅಲ್ಲ.

ಗೊರಸು ಮೇಲಿನಿಂದ ಬೆಳೆಯುತ್ತದೆ, ತಿಂಗಳಿಗೆ ಒಂದು ಬೆರಳ ಅಗಲವೂ ಇಲ್ಲ. ಮೊಳೆ ತೆಗೆದ ದಿನದ ಗುರುತಾಗಿ ಮಲ್ಲಿಯ ಗೊರಸಿನ ಮೇಲಂಚಿನಲ್ಲಿ ಒಂದು ಅಡ್ಡಗೆರೆ ಮೂಡಿತ್ತು. ಗೆರೆಯ ಕೆಳಗಿನದು ಒರಟು, ಬಿರುಕು ಬಿಟ್ಟದ್ದು, ಮೇಲಿನದು ನುಣುಪು. ಪ್ರತಿ ಸಲ ಬಂದಾಗ ಗೌಸ್ ಮೊದಲು ಆ ಗೆರೆಯನ್ನು ನೋಡುತ್ತಿದ್ದ. ಬೇಸಿಗೆಯಲ್ಲಿ ಅದು ಕಾಲು ಭಾಗ ಇಳಿಯಿತು, ಮೊದಲ ಮಳೆಗೆ ಅರ್ಧ. ಕೀವು ನಿಂತು, ಪಟ್ಟಿ ಹೋಗಿ, ಕೊಟ್ಟಿಗೆಯ ಸುತ್ತ ಕೈಹಿಡಿದು ನಡೆಸಿ, ಆಮೇಲೆ ಚಿಕ್ಕ ಬೇಲಿಯೊಳಗೆ ಬಿಟ್ಟರು. ಶಾಲಿನಿ ನಡುವೆ ಎಂದೋ ಮತ್ತೆ ಚಹ ಕೊಡಲು ಶುರು ಮಾಡಿದ್ದಳು. ಮೊದಲು ಕಾಳಕ್ಕನ ಕೈಲಿ ಕಳಿಸುತ್ತಿದ್ದಳು, ಆಮೇಲೆ ತಾನೇ ತಂದಳು, ಒಂದು ದಿನ ತನ್ನ ಲೋಟವನ್ನೂ ತಂದು ಪಕ್ಕದಲ್ಲಿ ಕುಳಿತಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಮುಂದಿನ ಮಾಗಿಯಲ್ಲಿ ಆ ಗೆರೆ ನೆಲ ಮುಟ್ಟಿತು. ಕೊನೆಯ ಹಳೆಯ ಗೊರಸಿನ ಚೂರನ್ನು ಗೌಸ್ ಅರದಿಂದ ಉಜ್ಜಿ ತೆಗೆದ. ನೆಲದ ಮೇಲೆ ಬಿದ್ದ ಆ ಪುಡಿಯನ್ನು ಕೋಳಿಯೊಂದು ಕೆದಕಿ ನೋಡಿ ಬೇಡವೆಂದು ಹೋಯಿತು.

ಅವತ್ತೇ ಶಾಲಿನಿಗೆ ಹೊಸದುರ್ಗದ ಕಡೆಯಿಂದ ಯಾರದೋ ಫೋನು ಬಂತು. ಅಲ್ಲೊಬ್ಬರ ತೋಟದಲ್ಲಿ ಕತ್ತೆಯೊಂದಕ್ಕೆ ಗೊರಸು ಬೆಳೆದು ನಡೆಯಲು ಆಗುತ್ತಿಲ್ಲವಂತೆ, ನಿಮ್ಮ ಹತ್ತಿರ ಯಾರೋ ಇದ್ದಾರಂತಲ್ಲ ಎಂದು ಕೇಳುತ್ತಿದ್ದರು. ಗೌಸ್ ಬಗ್ಗಿ ಅರವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. "ಅವ್ರೇನ್ರಿ, ತಪ್ಪೇ ಮಾಡಲ್ಲ ಅಂತ ನಾನು ಹೇಳಲ್ಲ" ಎಂದು ಅವಳು ಹೇಳುವುದು ಕೇಳಿಸಿತು. "ಮಾಡಿದ್ರೆ ಹೇಳ್ತಾರೆ. ಅಷ್ಟು ಖಾತ್ರಿ ಐತೆ ನನಗೆ. ಕಳಿಸ್ತೀನಿ." ಅರವನ್ನು ಸುತ್ತಿ ಮುಗಿದಿತ್ತು. ಅವನು ಅದನ್ನು ಬಿಚ್ಚಿ ಇನ್ನೊಮ್ಮೆ ಸುತ್ತಿದ. ಕೂಸಿನ ಹಾಗೆ ನಿಲ್ಲುತ್ತದೆ ಎಂದು ಜನ ಆಡುತ್ತಿದ್ದ ಮಾತಿಗಿಂತ ಇದು ಸಣ್ಣ ಮಾತು. ಆದರೆ ಇದನ್ನು ಹೊತ್ತುಕೊಂಡು ನಡೆಯಬಹುದಿತ್ತು.

ಕಾಳಕ್ಕ ಹಗ್ಗ ಬಿಚ್ಚಿ ಮಲ್ಲಿಯನ್ನು ದೊಡ್ಡ ಬಯಲಿಗೆ ಬಿಟ್ಟಳು. ಮೊದಲ ಸಲ. ಕುದುರೆ ಹತ್ತು ಹೆಜ್ಜೆ ನಡೆದು ನಿಂತು, ನೆಲ ಮೂಸಿ, ಗಿರಗಿರನೆ ಒಂದು ಸುತ್ತು ತಿರುಗಿ, ಮಂಡಿ ಮಡಿಸಿ ದಡಕ್ಕನೆ ಬಿತ್ತು. ಗೌಸ್ ಚೀಲ ಎಸೆದು ಓಡಿದ. ಮೊಣಕಾಲು ನೋವು, ಉಬ್ಬಸ ಏನೂ ನೆನಪಿರಲಿಲ್ಲ. ಬಿದ್ದಳು, ಮತ್ತೆ ಒಳಗೆ ಏನೋ ಉಳಿದಿದೆ, ನಾನು ಬಿಟ್ಟದ್ದು ಏನೋ ಉಳಿದಿದೆ ಎಂಬುದೊಂದೇ ತಲೆಯಲ್ಲಿತ್ತು. ಹತ್ತಿರ ಹೋದಾಗ ಮಲ್ಲಿ ಬೆನ್ನು ನೆಲಕ್ಕೆ ಕೊಟ್ಟು, ನಾಲ್ಕು ಕಾಲೂ ಆಕಾಶಕ್ಕೆ ಎತ್ತಿ, ಅತ್ತಿತ್ತ ಹೊರಳಾಡುತ್ತಿತ್ತು. ಕೆಮ್ಮಣ್ಣಿನ ಧೂಳು ಎದ್ದು ಅವನ ಬಾಯಿಗೆ ಹೋಯಿತು. ಹಿಂದೆ ಕಾಳಕ್ಕ, "ನಿನ್ನೆ ತಾನೆ ತೊಳೆದಿದ್ನಲ್ಲೇ, ಹಾಳಾದವ್ಳೇ!" ಎಂದು ಕೂಗುತ್ತಿದ್ದಳು. ಅವನಿಗೆ ನಗಬೇಕೆನ್ನಿಸಿತು, ಆದರೆ ಇನ್ನೂ ಒಂದು ಬಾಕಿಯಿತ್ತು. ಎತ್ತು ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ. ಕುದುರೆ ಹಾಗಲ್ಲ, ಮುಂಗಾಲನ್ನು ಚಾಚಿ, ಅದನ್ನು ಊರಿ, ಇಡೀ ಮೈಯ ಭಾರವನ್ನು ಅದರ ಮೇಲೆ ಹಾಕಿ ಏಳುತ್ತದೆ. ಗೌಸ್ ಅಲ್ಲೇ ಕುಳಿತು, ಉಸಿರು ಬಿಗಿಹಿಡಿದು ನೋಡಿದ. ಮಲ್ಲಿ ಹೊರಳುವುದನ್ನು ನಿಲ್ಲಿಸಿ, ಎದೆಯ ಮೇಲೆ ಕುಳಿತು, ಒಂದು ಸಲ ಸೀನಿತು. ಆಮೇಲೆ ಯೋಚನೆಯೇ ಇಲ್ಲದೆ ಎಡಗಾಲನ್ನು ಮುಂದಕ್ಕೆ ಚಾಚಿ, ನೆಲಕ್ಕೆ ಗಟ್ಟಿಯಾಗಿ ಊರಿ, ಎದ್ದು ನಿಂತಿತು.